ಪೆನಿಸಿಲಿನ್ ತಂದ ಸೆಳವು

ಪೆನಿಸಿಲಿನ್‌ಗೆ ಸಾಧು ಔಷಧವೆಂಬ ಹೆಸರು ಸುಮ್ಮನೆ ಬಂದದ್ದಲ್ಲ. ಬ್ಯಾಕ್ಟೀರಿಯಾಗಳು ತಮ್ಮ ಸುತ್ತ ಕಟ್ಟಿಕೊಳ್ಳುವ ಗೋಡೆಯನ್ನು ಅದು ಕೆಡವುತ್ತದೆ. ಮನುಷ್ಯನ ಜೀವಕೋಶಕ್ಕೆ ಅಂತಹ ಗೋಡೆಯೇ ಇಲ್ಲ. ಮೈಗೆ ಒಗ್ಗದ ಕೆಲವರನ್ನು ಬಿಟ್ಟರೆ ಉಳಿದವರಿಗೆ ಭಯವೇಕೆ? ಆದರೆ ಇದೇ ಔಷಧ ನೇರವಾಗಿ ಮಿದುಳನ್ನು ಮುಟ್ಟಿದರೆ ರೋಗಿಗೆ ಸೆಳವು ಬರಬಹುದೆಂಬುದು 1940ರ ದಶಕದಲ್ಲೇ ಗೊತ್ತಾಯಿತು.

ರಕ್ತದಲ್ಲಿರುವ ಪೆನಿಸಿಲಿನ್ ಮಿದುಳಿಗೆ ಸುಲಭವಾಗಿ ಇಳಿಯುವುದಿಲ್ಲ. ಹೀಗಾಗಿ 1942ರಲ್ಲಿ ಲಂಡನ್ನಿನ ಸೇಂಟ್ ಮೇರಿ ಆಸ್ಪತ್ರೆಯಲ್ಲಿ ಮೆನಿಂಜೈಟಿಸ್‌ನಿಂದ ಸಾಯುವ ಸ್ಥಿತಿಯಲ್ಲಿದ್ದ ಒಬ್ಬನಿಗೆ ಅಲೆಗ್ಸಾಂಡರ್ ಫ್ಲೆಮಿಂಗ್ ಬೆನ್ನುಹುರಿಯ ಸುತ್ತಲಿನ ದ್ರವಕ್ಕೇ ಅದನ್ನು ಚುಚ್ಚಿದರು. ರೋಗಿ ಬದುಕಿದ. ಬೇರೆ ವೈದ್ಯರೂ ಇಂಥ ನೇರದಾರಿ ಹಿಡಿದರು. ಆದರೆ 1945ರಲ್ಲಿ ಅಮೆರಿಕದ ನರಶಸ್ತ್ರವೈದ್ಯ ಅರ್ಲ್ ವಾಕರ್ ಮತ್ತು ಸಹೋದ್ಯೋಗಿ ಜಾನ್ಸನ್, ಮಿದುಳಿನ ಕುಹರಗಳಿಗೆ ಪೆನಿಸಿಲಿನ್ ಚುಚ್ಚುವುದು ಅಪಾಯವೆಂದು ಎಚ್ಚರಿಸಿದರು.

ಆಗಿನ ಪೆನಿಸಿಲಿನ್ ಹಳದಿ ಬಣ್ಣದ, ಅಷ್ಟೇನೂ ಶುದ್ಧವಲ್ಲದ ಪುಡಿ. ಸಂಶಯ ಸಹಜವಾಗಿಯೇ ಕಲ್ಮಶದತ್ತ ಹೋಯಿತು. ಆದರೆ ಶುದ್ಧ ಹರಳು ಕೂಡ ಸೆಳವು ತಂದಿತು! ತಪ್ಪಿತಸ್ಥ ಪೆನಿಸಿಲಿನ್ನೇ. ಅದರ ಅಣುವಿನ ಯಾವ ಭಾಗ ಎಂಬುದು 1971ರಲ್ಲಿ ಇನ್ನಷ್ಟು ಸ್ಪಷ್ಟವಾಯಿತು. ಬ್ಯಾಕ್ಟೀರಿಯಾಗಳು ಆತ್ಮರಕ್ಷಣೆಗೆ ತಯಾರಿಸುವ ಪೆನಿಸಿಲಿನೇಸ್ ಎಂಬ ಕಿಣ್ವದಿಂದ ಅಣುವಿನ ಪುಟ್ಟ ಉಂಗುರವನ್ನು ಮುರಿದಾಗ ಸೆಳವು ತರುವ ಶಕ್ತಿಯೂ ಅಡಗಿತು. ಅಂದರೆ ರೋಗಾಣುವನ್ನು ಕೊಲ್ಲುವ ಉಂಗುರವೇ ಮಿದುಳನ್ನೂ ಕೆಣಕುತ್ತಿತ್ತು.

ಮಿದುಳಿನಲ್ಲಿ ನರಕೋಶಗಳ ಅಬ್ಬರಕ್ಕೆ ಕಡಿವಾಣ ಹಾಕುವ ಗಾಬಾ ಎಂಬ ರಾಸಾಯನಿಕವಿದೆ. ಪೆನಿಸಿಲಿನ್ ಅದರ ಕೆಲಸಕ್ಕೆ ಅಡ್ಡಬರುತ್ತದೆ. ಈ ದುರ್ಗುಣವನ್ನೇ ವಿಜ್ಞಾನಿಗಳು ದುಡಿಸಿಕೊಂಡರು: ದಶಕಗಳ ಕಾಲ ಪ್ರಯೋಗಾಲಯದ ಬೆಕ್ಕುಗಳ ಮಿದುಳಿಗೆ ಪೆನಿಸಿಲಿನ್ ಹಚ್ಚಿ ಮೂರ್ಛೆರೋಗವನ್ನು ಅಭ್ಯಸಿಸಿದರು. ಕ್ಷಯದ ಮದ್ದಾದ ಐಸೋನಿಯಾಜಿಡ್‌ನ ದಾರಿ ಬೇರೆ. ಮಿತಿಮೀರಿದರೆ ಅದು ಬಿ6 ಜೀವಸತ್ವದ ಕೊರತೆ ತಂದು ಗಾಬಾದ ತಯಾರಿಕೆಯನ್ನೇ ಕುಗ್ಗಿಸುತ್ತದೆ. ಆ ಸೆಳವಿಗೆ ಬಿ6 ಚುಚ್ಚುಮದ್ದೇ ಮದ್ದು.

ಮಾಮೂಲಿ ಪ್ರಮಾಣದ ಮಾತ್ರೆ ನುಂಗುವವರು ಇಷ್ಟಕ್ಕೆ ಬೆಚ್ಚಿ ಔಷಧ ಬಿಡಬೇಕಿಲ್ಲ. ಮೆನಿಂಜೈಟಿಸ್‌ನಂತಹ ಸೋಂಕು ತಾನೇ ಸೆಳವು ತರಬಲ್ಲದು. ಕಷ್ಟವಿರುವುದು ಮೂತ್ರಪಿಂಡ ಸೋತವರಲ್ಲಿ. ದೇಹದಿಂದ ಹೊರಹೋಗಬೇಕಾದ ಔಷಧ ರಕ್ತದಲ್ಲೇ ಶೇಖರವಾಗುತ್ತದೆ. ಪೆನಿಸಿಲಿನ್‌ನ ದಾಯಾದಿಯಾದ ಸೆಫೆಪಿಮ್ ಬಗ್ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2012ರಲ್ಲಿ ಎಚ್ಚರಿಕೆ ನೀಡಿತು. ಆ ರೋಗಿಗಳಲ್ಲಿ ಕೈಕಾಲು ಅದುರದ ಸೆಳವು ಕಂಡಿತ್ತು. ಇಂಥ ರೋಗಿ ಗೊಂದಲಗೊಂಡು, ಮಾತಿಗೆ ಸರಿಯಾಗಿ ಓಗೊಡದೆ ಮಲಗಿರಬಹುದು. ವಯಸ್ಸಿನ ಮಂಕು ಎಂದೋ ಜ್ವರದ ಸನ್ನಿ ಎಂದೋ ಮನೆಯವರು ಸುಮ್ಮನಾಗುವುದು ಸಹಜ. ಮಿದುಳಿನ ವಿದ್ಯುತ್ ಅಲೆಗಳ ದಾಖಲೆಯಾದ ಇಇಜಿ ಮಾತ್ರ ನಿಜ ಹೇಳುತ್ತದೆ. ಹೆಚ್ಚಿನವರಿಗೆ ಮೂತ್ರಪಿಂಡದ ಶಕ್ತಿಗೆ ತಕ್ಕಂತೆ ಔಷಧವನ್ನು ತಗ್ಗಿಸಿರಲಿಲ್ಲ. ಔಷಧ ನಿಲ್ಲಿಸಿದಾಗ, ಇಲ್ಲವೇ ಡಯಾಲಿಸಿಸ್ ಮಾಡಿದಾಗ, ಬಹುತೇಕರ ಸೆಳವು ನಿಂತಿತು.