ಹಿಮವಿಲ್ಲದ ಊರಿನ ಚಳಿಗಾಲದ ಚಿತ್ರ

ಚಳಿಗಾಲದ ಚಿತ್ರ ಬರೆಯೆಂದರೆ ಸುಳ್ಯ ಸೀಮೆಯ ಮರ್ಕಂಜದ ಮಗುವೂ ಹಿಮದ ರಾಶಿ, ಉಣ್ಣೆಯ ಟೋಪಿ ಬರೆದೀತು. ಅದು ಕಣ್ಣು ಕಂಡದ್ದಲ್ಲ, ಪುಸ್ತಕ ಕೊಟ್ಟದ್ದು. ಅಲ್ಲಿನ ಚಳಿಗಾಲವೆಂದರೆ ಬೆಳಗಿನ ಮಂಜು, ಅಡಿಕೆ ಕೊಯ್ಲು, ಅಂಗಳದ ತುಂಬ ಒಣಗಲು ಹರಡಿದ ಹಣ್ಣಡಿಕೆ.

ಹಿಮದ ಚಿತ್ರಗಳಿಗೆ ಹಿರಿಯಣ್ಣನಂತಿರುವುದು ಪೀಟರ್ ಬ್ರೂಗೆಲ್ 1565ರಲ್ಲಿ ರಚಿಸಿದ ಬೇಟೆಗಾರರ ಚಿತ್ರ. ಅದರಲ್ಲಿ ಬೇಟೆಗಾರರ ಮುಖ ಕಾಣುವುದಿಲ್ಲ. ದಣಿವನ್ನೆಲ್ಲ ಬಾಗಿದ ಬೆನ್ನುಗಳೇ ಹೇಳುತ್ತವೆ. ದೂರದ ಹೆಪ್ಪುಗಟ್ಟಿದ ಕೊಳದ ಮೇಲೆ ಇರುವೆಗಳಷ್ಟು ಚಿಕ್ಕ ಜನ ಜಾರುತ್ತಿದ್ದಾರೆ. ಚಿತ್ರ ಈಗಿರುವುದು ವಿಯೆನ್ನಾದಲ್ಲಿ. ನಕಲು ಮಾಡಿಸುವ ಪಾಠವನ್ನು ಬದಿಗಿರಿಸಿ ಫ್ರಾಂಜ್ ಚಿಜೆಕ್ 1897ರಲ್ಲಿ ಮಕ್ಕಳ ಚಿತ್ರಕಲಾ ತರಗತಿ ತೆರೆದದ್ದೂ ಅದೇ ನಗರದಲ್ಲಿ.

ನಮ್ಮ ಕಡೆಯ ಕತೆ ಬೇರೆ. ದಕ್ಷಿಣ ಕನ್ನಡ ಆಗ ಮದ್ರಾಸ್ ಪ್ರಾಂತಕ್ಕೆ ಸೇರಿತ್ತು. ಮದ್ರಾಸಿನಲ್ಲಿ ಅಲೆಕ್ಸಾಂಡರ್ ಹಂಟರ್ 1850ರಲ್ಲಿ ಆರಂಭಿಸಿದ ಕಲಾಶಾಲೆಯ ಕಣ್ಣು ಕೈಕಸುಬಿನ ಮೇಲಿತ್ತು. ನೇರ ಗೆರೆ, ಹೂಜಿ, ಎಲೆ ಎಂದು ಸಾಗುವ ಅಂಥ ಪಾಠಕ್ರಮದಲ್ಲಿ ಮನುಷ್ಯ ಬರುವುದು ಕಡೆಗೆ; ಬಂದರೂ ಕಂಬದ ಹಾಗೆ ನಿಂತಿರುತ್ತಾನೆ.

ಇದಕ್ಕೆ ಎದುರಾದ ದಾರಿಯೊಂದು ಮರ್ಕಂಜಕ್ಕೆ ಹತ್ತಿರದ ಪುತ್ತೂರಿನಲ್ಲೇ ತೆರೆಯಿತು. 1930ರ ದಶಕದಲ್ಲಿ ಶಿವರಾಮ ಕಾರಂತರು ಬಾಲವನದಲ್ಲಿ ಆಟ, ಹಾಡು, ಕುಣಿತ, ನಾಟಕಗಳ ಮೂಲಕ ಮಕ್ಕಳಿಗೆ ಕಲಿಸಲು ಹೊರಟರು. 1936ರಲ್ಲಿ 'ಬಾಲಪ್ರಪಂಚ' ಹೊರತಂದರು. ಮೈಯಿಂದಲೂ ಕಲಿಯಬಹುದೆಂಬ ನಂಬಿಕೆ ಅದರ ಬುಡದಲ್ಲಿತ್ತು ಎನ್ನಬಹುದು. ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೆ.ಕೆ. ಹೆಬ್ಬಾರರಂತೂ ಲಯ ಹಿಡಿಯಲು ಕಥಕ್ ನೃತ್ಯವನ್ನೇ ಕಲಿತರು. ಅವರ ನರ್ತಕಿಯರು ಕೆಲವೇ ಗೆರೆಗಳಲ್ಲಿ ತಿರುಗುತ್ತಾರೆ.

ಚಲನೆಯ ಗುಟ್ಟು ಕೈಕಾಲುಗಳಲ್ಲಿಲ್ಲ, ಬೆನ್ನೆಲುಬಿನಲ್ಲಿದೆ. ಮೊದಲು ತಲೆಯಿಂದ ಪಾದದವರೆಗೆ ಒಂದೇ ಬಾಗು ಗೆರೆ. ಆಮೇಲೆ ಹೆಗಲು, ಸೊಂಟಗಳ ಓರೆ. ನಿಂತವನ ಕತ್ತಿನ ಕುಳಿಯಿಂದ ತೂಗುಬಿಟ್ಟ ದಾರ ಭಾರ ಹೊತ್ತ ಪಾದದ ಹತ್ತಿರ ಬೀಳುತ್ತದೆ. ಓಡುವವನದು ಪಾದವನ್ನು ದಾಟಿ ಮುಂದೆ. ಇಷ್ಟನ್ನು ಕಾಣಲೂ ಕಣ್ಣಿಗೆ ಅಭ್ಯಾಸ ಬೇಕು. ನಾಗಾಲೋಟದ ಕುದುರೆಯ ನಾಲ್ಕೂ ಕಾಲು ನೆಲ ಬಿಡುವುದು ಚಾಚಿದಾಗಲ್ಲ, ಹೊಟ್ಟೆಯಡಿ ಮಡಚಿದಾಗ ಎಂಬುದು 1878ರಲ್ಲಿ ಮೈಬ್ರಿಜ್ ತೆಗೆದ ಛಾಯಾಚಿತ್ರಗಳಿಂದಷ್ಟೇ ಖಚಿತವಾಯಿತು. ಅಲ್ಲಿಯವರೆಗೆ ದೊಡ್ಡ ದೊಡ್ಡ ಚಿತ್ರಕಾರರೂ ತಪ್ಪಿದ್ದರು!

ಮರ್ಕಂಜದಂಥ ಊರಿಗೆ ಅಡಿಕೆ ತೋಟವೇ ಪಾಠಶಾಲೆ. ಪಾದಗಳಿಗೆ ತಳೆ ಸಿಕ್ಕಿಸಿ ಮರವೇರಿದವನು ಗೊನೆ ಕೊಯ್ದು, ಮರವನ್ನೇ ತೂಗಿಸಿ ಪಕ್ಕದ ಮರಕ್ಕೆ ಕೈಹಾಕುವಾಗ ಮೈಯೂ ಬಿಲ್ಲು, ಮರವೂ ಬಿಲ್ಲು. ಅಡಿಕೆ ಮರವನ್ನು ಸ್ಕೇಲು ಹಿಡಿದು ಎಳೆದ ಮಗುವಿಗೆ ಅವನನ್ನು ಕೂರಿಸಲು ಜಾಗ ಸಿಗದು. ಈಗ ಮರವೇರುವವರು ಕಡಿಮೆ. ಕಾರ್ಬನ್ ಫೈಬರ್ ದೋಟಿ ಹಿಡಿದವನು ನೆಲದಲ್ಲೇ ನಿಂತು, ಕತ್ತು ಹಿಂದಕ್ಕೆ ಚೆಲ್ಲಿ, ಮೇಲಿನ ಗೊನೆಗೆ ಗುರಿಯಿಡುತ್ತಾನೆ; ಬೆನ್ನಿನ ಗೆರೆ ಈಗ ಹಿಂದಕ್ಕೆ ಬಾಗಿದೆ.