ಅಕ್ಯೂಟ್ ಕೇರ್ ನರ್ಸ್ ಪ್ರಾಕ್ಟೀಷನರ್ ಪರೀಕ್ಷೆ: ಸಿದ್ಧತೆಯ ಬಗೆ

ಹಠಾತ್ತನೆ ಉಲ್ಬಣಿಸಿದ ಅಥವಾ ಪ್ರಾಣಾಪಾಯದ ಸ್ಥಿತಿಯಲ್ಲಿರುವ ರೋಗಿಯನ್ನು ಪರೀಕ್ಷಿಸಿ, ರೋಗವನ್ನು ನಿರ್ಣಯಿಸಿ, ಚಿಕಿತ್ಸೆಯನ್ನು ತಾವೇ ನಿರ್ದೇಶಿಸುವ ನರ್ಸ್‌ಗಳನ್ನು ಅಮೆರಿಕದಲ್ಲಿ ಅಕ್ಯೂಟ್ ಕೇರ್ ನರ್ಸ್ ಪ್ರಾಕ್ಟೀಷನರ್ ಎಂದು ಕರೆಯುತ್ತಾರೆ. ನರ್ಸ್ ಪ್ರಾಕ್ಟೀಷನರ್ ಶಿಕ್ಷಣವು 1965ರಲ್ಲಿ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಲೊರೆಟ್ಟಾ ಫೋರ್ಡ್ ಮತ್ತು ಹೆನ್ರಿ ಸಿಲ್ವರ್ ಅವರಿಂದ ಮಕ್ಕಳ ಆರೋಗ್ಯಪಾಲನೆಗಾಗಿ ಆರಂಭವಾಯಿತು. ಮುಂದೆ ಅದು ಆಸ್ಪತ್ರೆಯ ತೀವ್ರ ನಿಗಾ ಘಟಕದವರೆಗೂ ವಿಸ್ತರಿಸಿತು. ಈ ವೃತ್ತಿಗೆ ಪರವಾನಗಿ ಕೊಡುವುದು ಆಯಾ ರಾಜ್ಯ. ಅದಕ್ಕೆ ಆಧಾರವಾಗುವುದು ರಾಷ್ಟ್ರಮಟ್ಟದ ಪ್ರಮಾಣಪತ್ರ ಪರೀಕ್ಷೆ.

ವಯಸ್ಕರು ಮತ್ತು ವೃದ್ಧರ ಆರೈಕೆಗೆ ಸಂಬಂಧಿಸಿದಂತೆ ಎರಡು ಪರೀಕ್ಷೆಗಳು ಪ್ರಸಿದ್ಧವಾಗಿವೆ. ಒಂದನ್ನು ಅಮೆರಿಕನ್ ನರ್ಸಸ್ ಕ್ರೆಡೆನ್ಷಿಯಲಿಂಗ್ ಸೆಂಟರ್ ನಡೆಸಿದರೆ, ಇನ್ನೊಂದನ್ನು ಕ್ರಿಟಿಕಲ್ ಕೇರ್ ನರ್ಸ್‌ಗಳ ರಾಷ್ಟ್ರೀಯ ಸಂಘದ ಪ್ರಮಾಣೀಕರಣ ಸಂಸ್ಥೆ ನಡೆಸುತ್ತದೆ. ಎರಡರ ರೂಢಿಯ ಸ್ವರೂಪವೂ ಒಂದೇ: ಮೂರೂವರೆ ಗಂಟೆ, 175 ಪ್ರಶ್ನೆಗಳು. ಅವುಗಳಲ್ಲಿ 150ಕ್ಕೆ ಮಾತ್ರ ಅಂಕವುಂಟು. ಉಳಿದ 25 ಪ್ರಾಯೋಗಿಕ ಪ್ರಶ್ನೆಗಳು. ಅವು ಯಾವುವೆಂದು ಅಭ್ಯರ್ಥಿಗೆ ತಿಳಿಯುವುದಿಲ್ಲ. ಲೆಕ್ಕ ಹಾಕಿದರೆ ಒಂದು ಪ್ರಶ್ನೆಗೆ ದೊರೆಯುವುದು 72 ಸೆಕೆಂಡು. ಪ್ರಮಾಣಪತ್ರವನ್ನು ಐದು ವರ್ಷಕ್ಕೊಮ್ಮೆ ನವೀಕರಿಸಬೇಕು.

ಭಾರತದಲ್ಲಿ ಓದಿ ಬಂದವರು ಮೊದಲೇ ತಿಳಿದಿರಬೇಕಾದ ಸಂಗತಿಯೊಂದಿದೆ. ಕರ್ನಾಟಕದಲ್ಲಿ ಪಡೆದ ಎಂ.ಎಸ್ಸಿ. ನರ್ಸಿಂಗ್ ಪದವಿಯಾಗಲಿ, ಭಾರತೀಯ ನರ್ಸಿಂಗ್ ಪರಿಷತ್ತಿನ ಕ್ರಿಟಿಕಲ್ ಕೇರ್ ನರ್ಸ್ ಪ್ರಾಕ್ಟೀಷನರ್ ಶಿಕ್ಷಣವಾಗಲಿ ಈ ಪರೀಕ್ಷೆಗೆ ನೇರ ಅರ್ಹತೆಯನ್ನು ಕೊಡುವುದಿಲ್ಲ. ಮೊದಲು ಎನ್‌ಕ್ಲೆಕ್ಸ್ ಉತ್ತೀರ್ಣರಾಗಿ ನೋಂದಾಯಿತ ನರ್ಸ್ ಎನಿಸಿಕೊಳ್ಳಬೇಕು. ಬಳಿಕ ಅಮೆರಿಕದಲ್ಲಿ ಮಾನ್ಯತೆ ಪಡೆದ ಸ್ನಾತಕೋತ್ತರ ಶಿಕ್ಷಣವನ್ನು ಇದೇ ವಿಭಾಗದಲ್ಲಿ ಪೂರೈಸಬೇಕು. ಉನ್ನತ ರೋಗಕ್ರಿಯಾಶಾಸ್ತ್ರ, ಔಷಧಶಾಸ್ತ್ರ ಮತ್ತು ದೇಹಪರೀಕ್ಷೆ ಮೂರನ್ನೂ ಪ್ರತ್ಯೇಕ ವಿಷಯಗಳಾಗಿ ಓದಿರಬೇಕು. ಕನಿಷ್ಠ 500 ಗಂಟೆಗಳ ಮೇಲ್ವಿಚಾರಿತ ಚಿಕಿತ್ಸಾನುಭವವೂ ಇರಬೇಕು. ಊರಿನ ಐಸಿಯುವಿನಲ್ಲಿ ದುಡಿದ ವರ್ಷಗಳು ಕಲಿಕೆಗೆ ನೆರವಾದಾವೇ ಹೊರತು ಈ ಗಂಟೆಗಳ ಲೆಕ್ಕಕ್ಕೆ ಬರುವುದಿಲ್ಲ.

ಆ ಅನುಭವವೇ ಪರೀಕ್ಷೆಯಲ್ಲಿ ತೊಡಕಾಗುವುದೂ ಉಂಟು. ಹಾಸಿಗೆಯ ಪಕ್ಕದ ನರ್ಸ್ ಬದಲಾವಣೆಯನ್ನು ಗುರುತಿಸಿ, ವೈದ್ಯರಿಗೆ ತಿಳಿಸಿ, ಆದೇಶವನ್ನು ನೆರವೇರಿಸುತ್ತಾರೆ. ಇಲ್ಲಿ ಆದೇಶ ಕೊಡಬೇಕಾದವರು ಅಭ್ಯರ್ಥಿಯೇ. ಆದ್ದರಿಂದ ‘ವೈದ್ಯರಿಗೆ ತಿಳಿಸುವುದು’ ಬಹುಮಟ್ಟಿಗೆ ಸರಿಯುತ್ತರವಾಗದು.

ಒಂದು ಉದಾಹರಣೆಯನ್ನು ನೋಡೋಣ. ಡಯಾಬಿಟಿಕ್ ಕೀಟೋಅಸಿಡೋಸಿಸ್‌ನ ರೋಗಿಯ ರಕ್ತದಲ್ಲಿ ಪೊಟ್ಯಾಸಿಯಂ 2.9 ಇದೆ, ಸಲೈನ್ ಹರಿಯುತ್ತಿದೆ. ಮುಂದೇನು? ಇನ್ಸುಲಿನ್ ಡ್ರಿಪ್‌ಗಳನ್ನು ನೂರಾರು ಬಾರಿ ನಡೆಸಿದ ಕೈ ಇನ್ಸುಲಿನ್ನಿನತ್ತ ಹೋಗುತ್ತದೆ. ಆದರೆ ಇನ್ಸುಲಿನ್ ಪೊಟ್ಯಾಸಿಯಮನ್ನು ಜೀವಕೋಶಗಳೊಳಗೆ ತಳ್ಳುತ್ತದೆ. ರಕ್ತದಲ್ಲಿ ಅದು ಇನ್ನಷ್ಟು ಕುಸಿದರೆ ಹೃದಯದ ಲಯ ಮಾರಕವಾಗಿ ಕೆಡಬಹುದು. ಮೊದಲು ಪೊಟ್ಯಾಸಿಯಂ, ಆಮೇಲೆ ಇನ್ಸುಲಿನ್.

ಇನ್ನೊಂದು: ತೀವ್ರ ಶ್ವಾಸಕೋಶ ಹಾನಿಯಾಗಿ ವೆಂಟಿಲೇಟರ್‌ನಲ್ಲಿರುವ ಮಹಿಳೆಯ ಎತ್ತರ 160 ಸೆಂ.ಮೀ., ತೂಕ 90 ಕಿಲೊ. ಪ್ರತಿ ಉಸಿರಿನ ಗಾತ್ರವನ್ನು ಕಿಲೊಗೆ 6 ಮಿ.ಲೀ.ನಂತೆ ನಿಗದಿಪಡಿಸುವಾಗ ಗಣನೆಗೆ ಬರುವುದು ತೂಕದ ಯಂತ್ರದ ಅಂಕಿಯಲ್ಲ. ಎತ್ತರ ಮತ್ತು ಲಿಂಗದಿಂದ ಅಂದಾಜಿಸಿದ ತೂಕ. ಅದು ಸುಮಾರು 52 ಕಿಲೊ. ಹೀಗಾಗಿ ಸರಿಯಾದ ಗಾತ್ರ ಸುಮಾರು 315 ಮಿ.ಲೀ., 540 ಅಲ್ಲ. ಶ್ವಾಸಕೋಶದ ಗಾತ್ರ ಎತ್ತರವನ್ನು ಅನುಸರಿಸುತ್ತದೆಯೇ ಹೊರತು ಕೊಬ್ಬನ್ನಲ್ಲ.

ಈ ಕಾರಣಕ್ಕೆ ಓದು ಪಠ್ಯಪುಸ್ತಕದ ಮೊದಲ ಪುಟದಿಂದಲ್ಲ, ಸಂಸ್ಥೆ ಪ್ರಕಟಿಸುವ ವಿಷಯಸೂಚಿಯಿಂದ ಆರಂಭವಾಗಬೇಕು. ಯಾವ ಭಾಗಕ್ಕೆ ಎಷ್ಟು ತೂಕವೆಂಬುದು ಅದರಲ್ಲಿರುತ್ತದೆ. ಬಳಿಕ ಸಮಯಕ್ಕೆ ಕಟ್ಟುಬಿದ್ದು ಒಂದು ಅಭ್ಯಾಸ ಪರೀಕ್ಷೆ ಬರೆದು, ದುರ್ಬಲ ಭಾಗಗಳನ್ನು ಗುರುತಿಸಿಕೊಳ್ಳುವುದು ಲೇಸು. ಹೃದಯದ ಐಸಿಯುವಿನವರಿಗೆ ಹೃದ್ರೋಗ ಸುಲಭವೆನಿಸಿ, ಅಂತಃಸ್ರಾವ ಗ್ರಂಥಿಗಳ ರೋಗಗಳು ಕೈಕೊಡಬಹುದು. ತಪ್ಪಿದ ಪ್ರತಿ ಪ್ರಶ್ನೆಯ ಮುಂದೆ ಕಾರಣವನ್ನು ಬರೆದಿಡಬೇಕು: ವಿಷಯ ತಿಳಿಯದೆ ತಪ್ಪಿತೋ, ಪ್ರಶ್ನೆಯನ್ನು ತಪ್ಪಾಗಿ ಓದಿದ್ದೋ, ವಾರ್ಡಿನ ರೂಢಿಯಂತೆ ಉತ್ತರಿಸಿದ್ದೋ? ಮೂರಕ್ಕೂ ಮದ್ದು ಬೇರೆ. ಒಂದು ಆಸ್ಪತ್ರೆಯ ಪದ್ಧತಿ ಎಲ್ಲೆಡೆಯ ಮಾರ್ಗಸೂಚಿಯಲ್ಲ. ಪರೀಕ್ಷೆ ಕೇಳುವುದು ಎರಡನೆಯದನ್ನು.

ವೃದ್ಧರ ಭಾಗವನ್ನು ಹಗುರವಾಗಿ ಕಾಣಬಾರದು. ಎದೆನೋವಿಲ್ಲದ ಹೃದಯಾಘಾತ, ಜ್ವರವಿಲ್ಲದ ಸೋಂಕು, ಹಠಾತ್ ಗೊಂದಲವೇ ಮೊದಲ ಲಕ್ಷಣವಾಗುವುದು ಆ ವಯಸ್ಸಿನಲ್ಲಿ ಅಪರೂಪವಲ್ಲ. ರೋಗಿಯ ಸಮ್ಮತಿ, ಉಪಶಮನ ಆರೈಕೆ, ವೃತ್ತಿಯ ಕಾನೂನು ವ್ಯಾಪ್ತಿಯಂತಹ ವಿಷಯಗಳಿಗೂ ಅಂಕಗಳುಂಟು. ಕೊನೆಯ ವಾರಕ್ಕೆಂದು ಮುಂದೂಡಿದವರು ಅವನ್ನು ಓದದೆಯೇ ಹೋಗುವುದುಂಟು.

ಪರೀಕ್ಷೆ ಅಳೆಯುವುದು ನೆನಪಿನ ಭಾರವನ್ನಲ್ಲ. ಕರೆ ಮಾಡಲು ಮೇಲೆ ಯಾರೂ ಇಲ್ಲದ ಗಳಿಗೆಯಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಎಂದು ನಿರ್ಧರಿಸುವ ಶಕ್ತಿಯನ್ನು ಅದು ಅಳೆಯುತ್ತದೆ. ಸಿದ್ಧತೆಯೂ ಆ ನಿರ್ಧಾರದ ಅಭ್ಯಾಸವೇ ಆಗಿರಬೇಕು.