ನಿಂತ ನೆಲ, ಆಡುವ ಮಾತು

ಸಂತ ಲೂಕನ ಶುಭಸಂದೇಶದ ಹತ್ತನೆಯ ಅಧ್ಯಾಯ ನಮಗೆಲ್ಲ ಬಾಯಿಪಾಠ. ಜೆರುಸಲೇಮಿನಿಂದ ಜೆರಿಕೊಗೆ ಹೋಗುವ ದಾರಿಯಲ್ಲಿ ಅರೆಜೀವವಾಗಿ ಬಿದ್ದವನನ್ನು ಯಾಜಕನೂ ನೋಡಿದ, ಲೇವಿಯನೂ ನೋಡಿದ, ಸಮಾರಿಯದವನೂ ನೋಡಿದ. ಮೂವರೂ ನೋಡಿದ್ದು ಒಬ್ಬನೇ ಮನುಷ್ಯನನ್ನು. ಇಬ್ಬರು ಪಕ್ಕಕ್ಕೆ ಸರಿದು ಹೋದರು, ಒಬ್ಬ ಹತ್ತಿರ ಬಂದ. ಈ ಸಾಮತಿ ಕೇಳುವಾಗಲೆಲ್ಲ ನಾವು ನಮ್ಮನ್ನು ಸಮಾರಿಯದವನ ಜಾಗದಲ್ಲೇ ನಿಲ್ಲಿಸಿಕೊಳ್ಳುತ್ತೇವೆ. ನಮ್ಮ ನಾಡಿನ ಚರಿತ್ರೆಯನ್ನು ತಿರುವಿ ನೋಡಿದರೆ, ಆ ಜಾಗ ಅಷ್ಟು ಅಗ್ಗಕ್ಕೆ ಸಿಗುವುದಲ್ಲ ಎಂದು ತಿಳಿಯುತ್ತದೆ.

ಮಂಗಳೂರು ಎಂದೊಡನೆ ನಮಗೆ ಕರಾವಳಿಯ ಪಟ್ಟಣ ನೆನಪಾಗುತ್ತದೆ. ಕೊಪ್ಪಳ ಜಿಲ್ಲೆಯ ಯಲಬುರ್ಗಾ ಸೀಮೆಯಲ್ಲಿಯೂ ಮಂಗಳೂರು ಎಂಬ ಊರಿದೆ. ಒಂದು ಕಡಲ ಬದಿಯದು, ಇನ್ನೊಂದು ಬಯಲು ಸೀಮೆಯದು. ಎರಡೂ ಸೀಮೆಗಳ ಕೆಲವು ಸಂಗತಿಗಳನ್ನು ಜೊತೆಗಿಟ್ಟು ನೋಡೋಣ.

ಮೊದಲು ಕೊಪ್ಪಳ ಜಿಲ್ಲೆಗೆ ಬರೋಣ. ಕುಷ್ಟಗಿ ತಾಲ್ಲೂಕಿನ ಮಿಯಾಪುರ ಎಂಬ ಹಳ್ಳಿ. 2021ರ ಸೆಪ್ಟೆಂಬರ್ 4ರಂದು ದಲಿತ ತಂದೆಯೊಬ್ಬರು ಪುಟ್ಟ ಮಗನ ಹುಟ್ಟುಹಬ್ಬವೆಂದು ಅವನನ್ನು ಕರೆದುಕೊಂಡು ಊರಿನ ಹನುಮಂತ ದೇವರ ಗುಡಿಯ ಮುಂದೆ ಬಂದರು. ದಲಿತರು ಹೊರಗೇ ನಿಂತು ಕೈಮುಗಿಯುವುದು ಅಲ್ಲಿಯ ರೂಢಿಯಾಗಿತ್ತು. ಅಷ್ಟರಲ್ಲಿ ಮಳೆ ಬಂತು, ಮಗು ಗುಡಿಯೊಳಗೆ ಓಡಿತು. ವಾರದ ನಂತರ ಸಭೆ ಕೂಡಿಸಿ, ಗುಡಿಯ ಶುದ್ಧೀಕರಣಕ್ಕೆ 25,000 ರೂಪಾಯಿ ಕೊಡಬೇಕೆಂದು ತಂದೆಗೆ ಹೇಳಲಾಯಿತು. ಸುದ್ದಿ ಹೊರಬಿದ್ದು ಪೊಲೀಸರೂ ಅಧಿಕಾರಿಗಳೂ ಊರಿಗೆ ಬಂದರು. ಆಗಲೂ ಮನೆಯವರು ದೂರು ಕೊಡಲು ಮುಂದಾಗಲಿಲ್ಲ. ಕೊನೆಗೆ ಸಮಾಜ ಕಲ್ಯಾಣ ಇಲಾಖೆಯ ಅಧಿಕಾರಿಯೇ ದೂರು ಕೊಟ್ಟರು, ಐವರ ಬಂಧನವಾಯಿತು. ಈ ಘಟನೆಯ ಹಿನ್ನೆಲೆಯಲ್ಲಿಯೇ 2022ರಲ್ಲಿ ರಾಜ್ಯ ಸರ್ಕಾರ ಅಸ್ಪೃಶ್ಯತೆ ನಿವಾರಣೆಗೆಂದು ‘ವಿನಯ ಸಾಮರಸ್ಯ’ ಯೋಜನೆಯನ್ನು ಪ್ರಕಟಿಸಿತು.

ಮಳೆಯಲ್ಲಿ ಓಡಿದ್ದು ಒಂದೇ ಮಗು. ದಂಡ ಕೇಳಿದವರಿಗೆ ಅದರಲ್ಲಿ ಕಂಡದ್ದು ಮೈಲಿಗೆ. ತಂದೆಗೆ ಕಂಡದ್ದು ತನ್ನ ಮಗ. ಹಾಗಾದರೆ ತಂದೆ ಏಕೆ ಸುಮ್ಮನಿದ್ದರು? ಅದನ್ನು ಹೇಡಿತನವೆಂದು ಕರೆಯುವ ಮೊದಲು ನಾವು ಅವರ ಜಾಗದಲ್ಲಿ ನಿಂತು ನೋಡಬೇಕು. ಹಳ್ಳಿಯಲ್ಲಿ ಬಡವನ ಕೂಲಿ, ಕಿರಾಣಿ ಅಂಗಡಿಯ ಉದ್ರಿ, ನೀರು, ನೆರೆ ಎಲ್ಲವೂ ಊರವರ ಕೈಯಲ್ಲಿರುತ್ತವೆ. ದೂರು ಕೊಟ್ಟ ಮರುದಿನವೂ ಅವನು ಅದೇ ಓಣಿಯಲ್ಲಿ ಏಳಬೇಕು. ಸರ್ಕಾರಿ ಅಧಿಕಾರಿಗೆ ಆ ಭಯವಿಲ್ಲ. ಅವರ ಅನ್ನ ಆ ಓಣಿಯಲ್ಲಿಲ್ಲ. ಒಂದೇ ಮಾತು, ಆಡುವವನನ್ನು ನೋಡಿಕೊಂಡು ಅದರ ಬೆಲೆ ಬದಲಾಗುತ್ತದೆ.

ಆ ಬೆಲೆ ಎಷ್ಟೆಂಬುದನ್ನು ಗಂಗಾವತಿ ತಾಲ್ಲೂಕಿನ ಮರಕುಂಬಿ ಹೇಳುತ್ತದೆ. ಸಿನಿಮಾ ಮಂದಿರದಲ್ಲಿ ಹುಟ್ಟಿದ ಜಗಳ 2014ರ ಆಗಸ್ಟ್ 28ರಂದು ದಲಿತರ ಕೇರಿಯ ಮೇಲಿನ ದಾಳಿಯಾಯಿತು, ಗುಡಿಸಲುಗಳಿಗೆ ಬೆಂಕಿ ಬಿತ್ತು. ಕೊಪ್ಪಳದ ನ್ಯಾಯಾಲಯ 98 ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿದ್ದು 2024ರ ಅಕ್ಟೋಬರ್ 24ರಂದು. ನಡುವೆ ಹತ್ತು ವರ್ಷ ಕಳೆದಿತ್ತು. ಮುಂದಿನ ತಿಂಗಳೇ ಹೈಕೋರ್ಟಿನ ಧಾರವಾಡ ಪೀಠ ಅವರಲ್ಲಿ ಬಹುಪಾಲು ಮಂದಿಗೆ ಜಾಮೀನು ಕೊಟ್ಟಿತು. ಸಾಕ್ಷಿ ಹೇಳಿದ ಬಡವರ ಎದೆಗಾರಿಕೆ ಎಂಥದೆಂದು ನಾವೇ ಊಹಿಸಬಹುದು.

ಇನ್ನು ಕರಾವಳಿಯ ಮಂಗಳೂರಿಗೆ ಹೋಗೋಣ. 1859ರಲ್ಲಿ ಕಾಸರಗೋಡು ಸೀಮೆಯ ಕುದ್ಮುಲ್‌ನಲ್ಲಿ ಸಾರಸ್ವತ ಬ್ರಾಹ್ಮಣ ಮನೆತನದಲ್ಲಿ ಹುಟ್ಟಿದ ರಂಗರಾಯರು ಮಂಗಳೂರಿಗೆ ಬಂದು ಮೊದಲು ಉಪಾಧ್ಯಾಯರಾದರು, ಆಮೇಲೆ ವಕೀಲರಾದರು. ಸುಮ್ಮನಿದ್ದಿದ್ದರೆ ಅವರಿಗೆ ಯಾವ ಕೊರತೆಯೂ ಇರಲಿಲ್ಲ. ಆದರೆ ಅವರು ದಲಿತ ಮಕ್ಕಳಿಗಾಗಿ ಶಾಲೆ ತೆರೆದರು. 1897ರಲ್ಲಿ ‘ಡಿಪ್ರೆಸ್ಡ್ ಕ್ಲಾಸಸ್ ಮಿಷನ್’ ಕಟ್ಟಿದರು. ಸ್ವಜಾತಿಯವರು ಅವರನ್ನು ದೂರವಿಟ್ಟರು. ಅವರು ಹಿಂದೆ ಸರಿಯಲಿಲ್ಲ. 1928ರ ಜನವರಿ 30ರಂದು ತೀರಿಕೊಂಡಾಗ, ಅವರದೇ ಇಚ್ಛೆಯಂತೆ ಅವರ ಶವಕ್ಕೆ ಹೆಗಲು ಕೊಟ್ಟವರು ತೋಟಿ ಕೆಲಸದವರು. ತಮ್ಮ ಶಾಲೆಯಲ್ಲಿ ಕಲಿತ ದಲಿತ ಮಕ್ಕಳು ಸರ್ಕಾರಿ ಕೆಲಸ ಹಿಡಿದು ಕಾರಿನಲ್ಲಿ ಓಡಾಡಬೇಕು, ಆ ಕಾರು ಎಬ್ಬಿಸಿದ ಧೂಳು ತಮ್ಮ ತಲೆಯ ಮೇಲೆ ಬೀಳಬೇಕು ಎಂಬುದು ಅವರ ಆಸೆಯಾಗಿತ್ತು.

ಈ ಆಸೆಯಲ್ಲಿ ನಾವು ಕಲಿಯಬೇಕಾದ ಪಾಠವಿದೆ. ಸಾಮಾನ್ಯವಾಗಿ ನಾವು ಮೇಲೆ ನಿಂತು ಕೆಳಗಿನವರಿಗೆ ಕೈಚಾಚುತ್ತೇವೆ. ಕೊಡುವವರು ನಾವು, ಪಡೆಯುವವರು ಅವರು ಎಂಬ ಎಣಿಕೆ ಮನದಲ್ಲಿ ಉಳಿದೇ ಇರುತ್ತದೆ. ರಂಗರಾಯರು ರಸ್ತೆಯ ಬದಿಯಲ್ಲಿ ತಾವು ನಿಂತು, ಕಾರಿನಲ್ಲಿ ಆ ಮಕ್ಕಳನ್ನು ಕಂಡರು. ನೋಟ ಹೀಗೆ ಬದಲಾದವನಿಗೆ ಜಾತಿಯವರ ಸಿಟ್ಟು ದೊಡ್ಡದಾಗಿ ಕಾಣುವುದಿಲ್ಲ.

ಇದೆಲ್ಲ ಹೊರಗಿನವರ ಕಥೆಯೆಂದು ನಾವು ಸಮಾಧಾನ ಪಡುವ ಹಾಗಿಲ್ಲ. ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿ 2016ರ ಡಿಸೆಂಬರ್‌ನಲ್ಲಿ ದಲಿತರ ಸಬಲೀಕರಣದ ನೀತಿಯನ್ನು ಹೊರತಂದಾಗ, ಅಸ್ಪೃಶ್ಯತೆ ಧರ್ಮಸಭೆಯೊಳಗೂ ಇದೆ ಎಂದು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡಿತು. ಒಂದೇ ಪೀಠದ ಮುಂದೆ ಮಂಡಿಯೂರುವ ನಾವು ಹೆಣ್ಣು ಗಂಡು ನೋಡುವಾಗ, ಊಟಕ್ಕೆ ಕರೆಯುವಾಗ, ಧರ್ಮಕೇಂದ್ರದ ಪಾಲನಾ ಸಮಿತಿಗೆ ಹೆಸರು ಸೂಚಿಸುವಾಗ ಯಾವ ಕಣ್ಣಿನಿಂದ ನೋಡುತ್ತೇವೆ?

ಪ್ರಿಯರೇ, ನೊಂದವರೇ ಬಂದು ಹೇಳಲಿ, ಆಮೇಲೆ ನೋಡೋಣ ಎಂದು ಕಾಯುವುದು ನಮ್ಮ ಅಭ್ಯಾಸ. ಮಿಯಾಪುರದ ತಂದೆ ಹಾಗೆ ಹೇಳಲು ಬರಲಿಲ್ಲ, ಬರುವ ಸ್ಥಿತಿಯಲ್ಲಿರಲಿಲ್ಲ. ಯಾರಿಗೆ ಮಾತಾಡಿದರೆ ಕಡಿಮೆ ನಷ್ಟವೋ ಅವರ ಮೇಲೆ ಮಾತಾಡುವ ಹೊಣೆ ಹೆಚ್ಚು. ನಮ್ಮಲ್ಲಿ ಉಪಾಧ್ಯಾಯರಿದ್ದಾರೆ, ವಕೀಲರಿದ್ದಾರೆ, ನೌಕರಿಯಲ್ಲಿರುವವರಿದ್ದಾರೆ, ಊರಿನಲ್ಲಿ ನಾಲ್ಕು ಜನ ಕಿವಿಗೊಡುವ ಹಿರಿಯರಿದ್ದಾರೆ. ದೇವರು ನಮ್ಮನ್ನು ಆ ನೆಲದಲ್ಲಿ ನಿಲ್ಲಿಸಿರುವುದು ನಮ್ಮ ಸುಖಕ್ಕೆ ಮಾತ್ರವಲ್ಲ. ನಮ್ಮ ಓಣಿಯಲ್ಲಿ ಬಾಯಿ ಕಟ್ಟಿದವರು ಯಾರೆಂದು ಈ ವಾರ ಮನೆಮಂದಿಯೆಲ್ಲ ಕೂತು ಯೋಚಿಸೋಣ. ಅವರ ಬಳಿ ಹೋಗಿ, ಅವರ ಮಾತನ್ನು ಮೊದಲು ಕೇಳಿ, ಆಮೇಲೆ ಅವರ ಪರವಾಗಿ ಬಾಯಿ ತೆರೆಯೋಣ.